ಮೆಕ್ಸಿಕೋದ ಯುಕಟಾನ್‌ನಲ್ಲಿ ನಾಲ್ಕೈದು ದಿನ ಇದ್ದರೆ ಏನೇನು ನೋಡಬಹುದು?

ಮೆರಿಡಾ ನಗರದಲ್ಲೇ ಉಳಿದುಕೊಳ್ಳಿ, ಅಲ್ಲಿಂದ ಎಲ್ಲ ಕಡೆಗೂ ಹೋಗಿಬರಬಹುದು. 1542ರಲ್ಲಿ ಸ್ಪೇನಿನವರು ಕಟ್ಟಿದ ಊರು ಇದು. ಭಾನುವಾರ ಬೆಳಿಗ್ಗೆ ಪಸೇಯೋ ಮೊಂಟೇಹೋ ರಸ್ತೆಯಲ್ಲಿ ವಾಹನ ನಿಲ್ಲಿಸಿ ಸೈಕಲ್‌ಗೆ ಬಿಡುತ್ತಾರೆ.

ಹಿಂದಿನ ಮಾಯಾ ಜನರ ಪಾಳುನಗರ ಚಿಚೆನ್ ಇಟ್ಜಾ ಹೇಗೂ ಎಲ್ಲರ ಪಟ್ಟಿಯಲ್ಲಿರುತ್ತದೆ. ಅಲ್ಲಿನ ದೊಡ್ಡ ಪಿರಮಿಡ್‌ಗೆ ನಾಲ್ಕೂ ಕಡೆ ತಲಾ 91 ಮೆಟ್ಟಿಲು, ಮೇಲೊಂದು ಸೇರಿ 365, ಅಂದರೆ ವರ್ಷಕ್ಕೆಷ್ಟು ದಿನವೋ ಅಷ್ಟು. ಹತ್ತಲು ಮಾತ್ರ ಬಿಡುವುದಿಲ್ಲ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆ ದಾಟಿದರೆ ಜಾತ್ರೆ, ಜೊತೆಗೆ ಸುಡುಬಿಸಿಲು.

ನನ್ನನ್ನು ಕೇಳಿದರೆ ಇನ್ನೊಂದು ಮಾಯಾ ಪಾಳುನಗರ ಉಷ್ಮಾಲ್ ಅದಕ್ಕಿಂತ ಚೆಂದ. ಜನ ಕಡಿಮೆ, ಕೆತ್ತನೆ ಹೆಚ್ಚು. ಗೋಡೆಗಳ ಮೇಲೆ ಉದ್ದ ಮೂಗಿನ ಮಳೆದೇವರು ಚಾಕ್‌ನ ಮುಖಗಳು ಸಾಲುಸಾಲಾಗಿವೆ. ಅದಕ್ಕೆ ಕಾರಣವೂ ಇದೆ: ಸುತ್ತಮುತ್ತ ಹೊಳೆಯಿಲ್ಲ, ಜನ ಮಳೆನೀರನ್ನು ನೆಲದೊಳಗಿನ ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಬದುಕುತ್ತಿದ್ದರು.

ಸೆನೋಟೆಗಳನ್ನು ಬಿಡಲೇಬೇಡಿ. ಇಲ್ಲಿನ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಇಂಗಿ ಒಳಗೆ ಗುಹೆಯಾಗಿ, ಮೇಲ್ಛಾವಣಿ ಕುಸಿದಾಗ ಬಾವಿಯಂಥ ತಿಳಿನೀರ ಕೊಳ ಉಳಿಯುತ್ತದೆ. ಈಜು ಬರದಿದ್ದರೆ ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ, ಬಹಳ ಕಡೆ ಆಳ ಜಾಸ್ತಿ. ಮೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗಬೇಡಿ, ನೀರು ಕೆಡುತ್ತದೆ.

ಚಳಿಗಾಲದಲ್ಲಾದರೆ ಸೆಲೆಸ್ಟೂನ್‌ನಲ್ಲಿ ದೋಣಿ ಹತ್ತಿ ಫ್ಲೆಮಿಂಗೊ ನೋಡಿ. ಊರಿಗೆ ಊರೇ ಹಳದಿ ಬಳಿದುಕೊಂಡಿರುವ ಇಜಾಮಾಲ್‌ಗೆ ಅರ್ಧ ದಿನ ಸಾಕು.

ಸಸ್ಯಾಹಾರಿಗಳು ಸ್ವಲ್ಪ ವಿಚಾರಿಸಿಕೊಂಡು ತಿನ್ನಿ. ಹುರುಳಿಕಾಯಿ ಕಾಳಿನ ಗೊಜ್ಜಿಗೂ ಹಂದಿ ಕೊಬ್ಬು ಹಾಕುವುದುಂಟು.