ಆ ಮಾಲ್ ಇರುವ ಜಾಗದಲ್ಲಿ ಮೊದಲು ಏನಿತ್ತು?

ಓದುಗರ ಪತ್ರ: "ನಾವು ದಾವಣಗೆರೆ ಕಡೆಯವರು. ಆರು ವರ್ಷದಿಂದ ಕ್ಯಾಲಿಫೋರ್ನಿಯಾದ ಮೊರೆನೊ ವ್ಯಾಲಿಯಲ್ಲಿದ್ದೇವೆ. ಕಳೆದ ಸಂಚಿಕೆಯ ಪ್ರವಾಸ ಲೇಖನದಲ್ಲಿ ನಮ್ಮೂರಿನ ಮಾಲ್ ಬಗ್ಗೆ ಬರೆಯುತ್ತಾ, 'ಇಲ್ಲಿ ಮೊದಲು ಕಾರ್ ರೇಸ್ ಟ್ರ್ಯಾಕ್ ಇತ್ತು, ನಷ್ಟವಾಗಿ ಮುಚ್ಚಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಪಕ್ಕದ ಮನೆಯ ಅಜ್ಜ ಹೇಳುವುದೇ ಬೇರೆ. ಅಲ್ಲಿ ಜಾಸ್ತಿ ಜನ ಸತ್ತರು, ಅದಕ್ಕೇ ಮುಚ್ಚಿದರು ಅಂತಾರೆ. ಯಾವುದು ನಿಜ? ನನ್ನ ಹನ್ನೊಂದು ವರ್ಷದ ಮಗನಿಗೆ ಕಾರಿನ ಹುಚ್ಚು. ಅವನಿಗೆ ಏನು ಹೇಳಲಿ?" (ಹೆಸರು ಪ್ರಕಟಿಸಬೇಡಿ ಎಂದು ಕೇಳಿಕೊಂಡಿದ್ದಾರೆ.)

ಸಂಪಾದಕರ ಉತ್ತರ:

ಸಹೋದರಿ, ನಮಸ್ಕಾರ. ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಸಾಲನ್ನು ನಾನೇ ತಿದ್ದಿ ಅಚ್ಚಿಗೆ ಕೊಟ್ಟವನು. ಮೂವತ್ತು ವರ್ಷಕ್ಕೂ ಮೀರಿ ನಡೆದ ರೇಸ್ ಟ್ರ್ಯಾಕ್ ಅನ್ನು ಹಾಗೆ ಒಂದು ಸಾಲಿನಲ್ಲಿ ಮುಗಿಸಬಾರದಿತ್ತು. ನಿಮ್ಮ ಪಕ್ಕದ ಮನೆಯ ಅಜ್ಜನ ಮಾತೂ ಪೂರ್ತಿ ಸರಿಯಲ್ಲ. ಅಲ್ಲಿ ಜನ ಸತ್ತದ್ದು ನಿಜ. ಆದರೆ ಟ್ರ್ಯಾಕ್ ಮುಚ್ಚಿದ್ದು ಅದಕ್ಕಲ್ಲ. ಅದರ ಕೆಳಗಿದ್ದ ಮಣ್ಣಿಗೆ ಬೆಲೆ ಬಂತು, ಅದಕ್ಕೆ ಮುಚ್ಚಿತು.

ಅದರ ಹೆಸರು ರಿವರ್‌ಸೈಡ್ ಇಂಟರ್‌ನ್ಯಾಷನಲ್ ರೇಸ್‌ವೇ. 1957ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್. ಆಗ ಅಲ್ಲಿ ನಿಮ್ಮ ಮಾಲ್ ಇರಲಿಲ್ಲ ಸರಿ, ಮೊರೆನೊ ವ್ಯಾಲಿ ಎಂಬ ನಗರವೇ ಇರಲಿಲ್ಲ. ಸನ್ನಿಮೀಡ್, ಎಡ್ಜ್‌ಮಾಂಟ್, ಮೊರೆನೊ ಅಂತ ಮೂರು ಸಣ್ಣ ಊರುಗಳು, ಪಕ್ಕದಲ್ಲಿ ಮಾರ್ಚ್ ವಾಯುನೆಲೆ. ಉಳಿದದ್ದು ಬರೀ ಬಯಲು, ಬಿಸಿಲು, ಗಾಳಿ ಎದ್ದರೆ ಮರಳು. ಮನೆಗಳೇ ಇಲ್ಲದ ಮೇಲೆ ಸದ್ದು ಅಂತ ಬೈಯಲು ಯಾರಿದ್ದಾರೆ? ಅಗ್ಗದ ಜಾಗ ಬೇರೆ. ಹಾಗಾಗಿಯೇ ಅಲ್ಲಿ ಕಟ್ಟಿದರು.

ಒಂಬತ್ತು ತಿರುವುಗಳ ರಸ್ತೆ ಅದು. ಪೂರ್ತಿ ಸುತ್ತು ಸುಮಾರು 5.3 ಕಿಲೋಮೀಟರ್. ಮೊದಲು ಗುಡ್ಡ ಹತ್ತುತ್ತಾ ಹಾವಿನ ಹಾಗೆ ಹೊರಳುವ ತಿರುವುಗಳು. ಕೊನೆಗೆ ಒಂದೂವರೆ ಕಿಲೋಮೀಟರ್ ಮೀರಿದ ನೇರ ದಾರಿ. ಆ ನೇರ ದಾರಿ ಮುಗಿದ ಕಡೆ ಒಂಬತ್ತನೇ ತಿರುವು. ಈ ತಿರುವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಆಗುಂಬೆ ಘಾಟಿ ಇಳಿಯುವಾಗ ಹಳೇ ಬಸ್ಸಿನಲ್ಲಿ ಸುಟ್ಟ ವಾಸನೆ ಬರುತ್ತಿತ್ತು, ನೆನಪಿದೆ ಅಲ್ವಾ? ಬ್ರೇಕು ಕಾದು ಬರುವ ವಾಸನೆ ಅದು. ಕಾದಷ್ಟೂ ಹಿಡಿತ ಕಡಿಮೆ. 1960ರ ದಶಕದಲ್ಲಿ ಅಲ್ಲಿ ಓಡುತ್ತಿದ್ದ ಅಮೆರಿಕದ ದೊಡ್ಡ ಸ್ಟಾಕ್ ಕಾರುಗಳಿಗೂ (ಜನ ಕೊಳ್ಳುವ ಮಾದರಿಯನ್ನೇ ರೇಸಿಗೆ ತಿದ್ದಿದ ಕಾರುಗಳು) ಇದ್ದದ್ದು ಅಂಥದೇ ಡ್ರಮ್ ಬ್ರೇಕು. ಒಂದೂವರೆ ಟನ್ನು ಮೀರಿದ ಕಾರು ನೇರ ದಾರಿಯ ಪೂರ್ತಿ ವೇಗದಲ್ಲಿ ಬಂದು, ಕೊನೆಯಲ್ಲಿ ಬ್ರೇಕ್ ಒತ್ತಿ, ಅರ್ಧ ವೃತ್ತದಷ್ಟು ಬಲಕ್ಕೆ ತಿರುಗಬೇಕು. ಒಂದು ಸಲ ಅಲ್ಲ, ಪ್ರತಿ ಸುತ್ತಿನಲ್ಲೂ, ಗಂಟೆಗಟ್ಟಲೆ. ಪೆಡಲ್ ಒತ್ತಿದಾಗ ಕಾಲು ಸುಮ್ನೆ ಕೆಳಕ್ಕೆ ಹೋಗಿಬಿಟ್ಟರೆ ಡ್ರೈವರ್ ಕೈಯಲ್ಲಿ ಉಳಿಯುವುದು ಸ್ಟೀರಿಂಗ್ ಒಂದೇ.

1965ರ ಜನವರಿಯಲ್ಲಿ, ಮೋಟರ್ ಟ್ರೆಂಡ್ 500 ಎಂಬ ಸ್ಟಾಕ್ ಕಾರ್ ರೇಸಿನಲ್ಲಿ, ಎ. ಜೆ. ಫಾಯ್ಟ್ ಎಂಬ ಟೆಕ್ಸಸ್‌ನ ಡ್ರೈವರ್‌ಗೆ ಹಾಗೇ ಆಯಿತು. ಒಂಬತ್ತನೇ ತಿರುವು ಹತ್ತಿರ ಬರುತ್ತಿದೆ, ಬ್ರೇಕ್ ಇಲ್ಲ. ಮುಂದೆ ಎರಡು ಕಾರುಗಳು ವೇಗ ಇಳಿಸುತ್ತಿವೆ. ಅವಕ್ಕೆ ಗುದ್ದಬಾರದು ಅಂತ ಫಾಯ್ಟ್ ತನ್ನ ಕಾರನ್ನೇ ಹೊರಕ್ಕೆ ಎಳೆದುಕೊಂಡರು. ಕಾರು ಅಂಚಿನ ಮಣ್ಣಿನ ಏರಿಯನ್ನು ದಾಟಿ ಪಲ್ಟಿ ಹೊಡೆಯುತ್ತಾ ಕೆಳಗೆ ಬಿತ್ತು. ಟ್ರ್ಯಾಕಿನ ವೈದ್ಯರು ನೋಡಿ ಜೀವ ಇಲ್ಲ ಅಂದರು. ಅಷ್ಟರಲ್ಲಿ ಓಡಿ ಬಂದ ಇನ್ನೊಬ್ಬ ಡ್ರೈವರ್ ಪಾರ್ನೆಲ್ಲಿ ಜೋನ್ಸ್‌ಗೆ ದೇಹ ಸ್ವಲ್ಪ ಅಲುಗಿದ ಹಾಗೆ ಕಂಡಿತು. ಅವರು ಬಗ್ಗಿ ಫಾಯ್ಟ್ ಬಾಯೊಳಗೆ ತುಂಬಿದ್ದ ಮಣ್ಣನ್ನು ಬೆರಳಿನಿಂದ ಬಗೆದು ತೆಗೆದರು. ಉಸಿರು ಬಂತು. ಬೆನ್ನುಮೂಳೆ ಮುರಿದಿತ್ತು, ಆದರೆ ಮನುಷ್ಯ ಉಳಿದರು. ಐದು ವರ್ಷದ ಮೇಲೆ, 1970ರಲ್ಲಿ, ಅದೇ ಟ್ರ್ಯಾಕಿಗೆ ಬಂದು ಅದೇ ಮೋಟರ್ ಟ್ರೆಂಡ್ 500 ರೇಸನ್ನು ಗೆದ್ದರು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅಜ್ಜನ ಮಾತಿಗೆ ಆಧಾರ ಇರುವುದು ಇಲ್ಲೇ. ಟ್ರ್ಯಾಕ್ ಶುರುವಾದ ಮೊದಲ ವಾರಾಂತ್ಯದಲ್ಲೇ ಒಬ್ಬ ಡ್ರೈವರ್ ತೀರಿಕೊಂಡರು. 1964ರ ಜನವರಿಯಲ್ಲಿ ಜೋ ವೆದರ್ಲಿ ಹೋದರು. ಹಿಂದಿನ ಎರಡೂ ವರ್ಷ, ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆಯ ಚಾಂಪಿಯನ್ ಆಗಿದ್ದವರು. ಅವರಿಗೆ ಬೆಂಕಿ ಅಂದರೆ ಭಯ. ಕಾರಿಗೆ ಬೆಂಕಿ ಹತ್ತಿದರೆ ತಕ್ಷಣ ಹೊರಬರಬೇಕು ಅಂತ ಭುಜದ ಬೆಲ್ಟ್ ಹಾಕುತ್ತಿರಲಿಲ್ಲ. ಆರನೇ ತಿರುವಿನಲ್ಲಿ ಕಾರು ಗೋಡೆಗೆ ಉಜ್ಜಿದಾಗ ತಲೆ ಕಿಟಕಿಯಿಂದ ಹೊರಬಂದು ಗೋಡೆಗೆ ಬಡಿಯಿತು. ಮುಂದೆ ನ್ಯಾಸ್ಕಾರ್ ಕಾರುಗಳ ಕಿಟಕಿಗೆ ಬಲೆ ಕಟ್ಟುವುದು ಕಡ್ಡಾಯವಾಯಿತು. ಈಗ ಟಿವಿಯಲ್ಲಿ ಆ ಬಲೆ ಕಂಡಾಗಲೆಲ್ಲ ನನಗೆ ವೆದರ್ಲಿ ನೆನಪಾಗುತ್ತಾರೆ.

1966ರ ಆಗಸ್ಟ್ 17ರಂದು ಕೆನ್ ಮೈಲ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದ್ದವರು. ಫೋರ್ಡ್ ಕಂಪನಿಗೆ ಕಾರುಗಳನ್ನು ಓಡಿಸಿ, ಪರೀಕ್ಷಿಸಿ, ತಿದ್ದಿಕೊಡುತ್ತಿದ್ದರು. ಎರಡು ತಿಂಗಳ ಹಿಂದಷ್ಟೇ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಎರಡನೆಯವರಾಗಿದ್ದರು. ಆ ದಿನ ರಿವರ್‌ಸೈಡ್‌ನಲ್ಲಿ ರೇಸ್ ಇರಲಿಲ್ಲ. ಖಾಲಿ ಟ್ರ್ಯಾಕಿನಲ್ಲಿ ಜೆ-ಕಾರ್ ಎಂಬ ಹೊಸ ಕಾರಿನ ಪರೀಕ್ಷೆ ನಡೆದಿತ್ತು. ಜೇನುಗೂಡಿನ ಹಾಗೆ ಹೆಣೆದ ಅಲ್ಯೂಮಿನಿಯಂ ಹಾಳೆಗಳ ಹಗುರವಾದ ಚಾಸಿ, ಅಂದರೆ ಕಾರಿನ ಚೌಕಟ್ಟು. ದಿನವಿಡೀ ಓಡಿಸಿ, ನೇರ ದಾರಿಯ ಕೊನೆಯಲ್ಲಿ ವೇಗ ಇಳಿಸುವ ಹೊತ್ತಿಗೆ ಕಾರು ಹತೋಟಿ ತಪ್ಪಿ ಪಲ್ಟಿಯಾಗಿ ಚೂರಾಯಿತು. ಮೈಲ್ಸ್ ಹೊರಗೆ ಎಸೆಯಲ್ಪಟ್ಟು ಅಲ್ಲೇ ತೀರಿಕೊಂಡರು.

ಆಮೇಲೆ ನಡೆದದ್ದನ್ನು ನಿಮ್ಮ ಮಗನಿಗೆ ಕೂರಿಸಿಕೊಂಡು ಹೇಳಿ. ಫೋರ್ಡ್‌ನವರು ಆ ಕಾರನ್ನು ಮತ್ತೆ ಕಟ್ಟಿದರು. ಡ್ರೈವರ್ ಸುತ್ತ ಉಕ್ಕಿನ ಕೊಳವೆಗಳ ಗಟ್ಟಿ ಪಂಜರ ಕೂರಿಸಿದರು. ತೂಕ ಹೆಚ್ಚಾಯಿತು, ಆಗಲಿ ಅಂದರು. ಅದಕ್ಕೆ ಮಾರ್ಕ್ 4 ಅಂತ ಹೆಸರಾಯಿತು. 1967ರ ಜೂನ್‌ನಲ್ಲಿ ಅದು ಲ ಮಾನ್‌ಗೆ ಹೋಯಿತು. ರಾತ್ರಿ ಮಾರಿಯೊ ಆಂಡ್ರೆಟ್ಟಿ ಓಡಿಸುತ್ತಿದ್ದ ಮಾರ್ಕ್ 4 ಜೋರಾಗಿ ಗುದ್ದಿ ನುಜ್ಜುಗುಜ್ಜಾಯಿತು. ಪಕ್ಕೆಲುಬು ಮುರಿದುಕೊಂಡು ಆಂಡ್ರೆಟ್ಟಿ ಜೀವಸಹಿತ ಹೊರಬಂದರು. ಇನ್ನೊಂದು ಮಾರ್ಕ್ 4 ರೇಸ್ ಗೆದ್ದಿತು. ಅದನ್ನು ಓಡಿಸಿದವರು ಯಾರು ಗೊತ್ತಾ? ಒಬ್ಬರು ಫಾಯ್ಟ್, ರಿವರ್‌ಸೈಡ್‌ನಲ್ಲಿ ಸತ್ತರು ಅಂತ ವೈದ್ಯರು ಹೇಳಿದ್ದ ಅದೇ ಫಾಯ್ಟ್. ಇನ್ನೊಬ್ಬರು ಡ್ಯಾನ್ ಗರ್ನಿ, ರಿವರ್‌ಸೈಡ್ ಊರಿಗೆ ಹದಿಹರೆಯದಲ್ಲಿ ಬಂದು ನೆಲೆಸಿದ ಹುಡುಗ. ಒಂದು ಟ್ರ್ಯಾಕಿನ ನೋವೂ ಪಾಠವೂ ಸಮುದ್ರ ದಾಟಿ ಫ್ರಾನ್ಸ್‌ವರೆಗೆ ಹೋಗಿದ್ದು ಹೀಗೆ. ಈ ಭಾಗ ಬರೆಯುವಾಗ ಈಗಲೂ ನನ್ನ ಮೈ ಜುಮ್ ಅನ್ನುತ್ತದೆ.

ಗರ್ನಿ ಬಗ್ಗೆ ಎರಡು ಮಾತು. ತಂದೆ ನ್ಯೂಯಾರ್ಕಿನಲ್ಲಿ ಒಪೆರಾ ಹಾಡುತ್ತಿದ್ದವರು. ಅದು ಸಾಕೆಂದು ಸಂಸಾರ ಕಟ್ಟಿಕೊಂಡು ರಿವರ್‌ಸೈಡ್‌ನ ಕಿತ್ತಳೆ ತೋಟಗಳ ನಡುವೆ ಬಂದು ನೆಲೆಸಿದರು. ಮಗನಿಗೆ ಕಾರಿನ ಹುಚ್ಚು ಹಿಡಿಯಿತು. ಮನೆ ಹತ್ತಿರವೇ ಟ್ರ್ಯಾಕ್ ಬಂತು. ಅದೇ 1957ರ ನವೆಂಬರ್‌ನಲ್ಲಿ, ಇನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಗರ್ನಿ, ಬೇರೆಯವರ ದೊಡ್ಡ ಫೆರಾರಿ ಓಡಿಸಿ ಆಗಲೇ ಹೆಸರಾಗಿದ್ದ ಡ್ರೈವರ್ ಕ್ಯಾರೊಲ್ ಶೆಲ್ಬಿಯ ಹಿಂದೆ ಎರಡನೆಯವರಾಗಿ ಬಂದರು. ಅಲ್ಲಿಂದ ಅವರ ದಾರಿ ತೆರೆಯಿತು. ಮುಂದೆ 1963ರಿಂದ 1968ರವರೆಗಿನ ಆರು ವರ್ಷಗಳಲ್ಲಿ ಐದು ಸಲ ಅಲ್ಲಿನ ಮೋಟರ್ ಟ್ರೆಂಡ್ 500 ಗೆದ್ದರು. ನಡುವೆ ತಪ್ಪಿದ್ದು 1967 ಮಾತ್ರ. ಆ ವರ್ಷ ಗೆದ್ದವರು ಪಾರ್ನೆಲ್ಲಿ ಜೋನ್ಸ್, ಫಾಯ್ಟ್ ಬಾಯಿಂದ ಮಣ್ಣು ತೆಗೆದವರು. ಲ ಮಾನ್ ಗೆದ್ದಾಗ ವೇದಿಕೆ ಮೇಲೆ ನಿಂತು ಶಾಂಪೇನ್ ಬಾಟಲಿ ಅಲುಗಿಸಿ ಜನರ ಮೇಲೆ ಚಿಮ್ಮಿಸಿದ್ದೂ ಈ ಗರ್ನಿಯೇ. ಇವತ್ತು ಪ್ರತಿ ರೇಸಿನ ಕೊನೆಗೆ ಎಲ್ಲರೂ ಮಾಡುವುದು ಅದನ್ನೇ.

ಫಾರ್ಮುಲಾ ಒನ್ ಕೂಡ ಒಂದು ಸಲ ಬಂದಿತ್ತು. 1960ರ ನವೆಂಬರ್‌ನಲ್ಲಿ, ಇಂಗ್ಲೆಂಡಿನ ಡ್ರೈವರ್ ಸ್ಟರ್ಲಿಂಗ್ ಮಾಸ್ ಲೋಟಸ್ ಕಾರಿನಲ್ಲಿ ಗೆದ್ದರು. ಜನ ಸಾಲದೆ ಹೋದದ್ದರಿಂದ ಮುಂದಿನ ವರ್ಷ ಅದು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್‌ಗೆ ಹೋಯಿತು. ಅದು ಬಿಟ್ಟರೆ ಸ್ಪೋರ್ಟ್ಸ್ ಕಾರು, ಸ್ಟಾಕ್ ಕಾರು, ಮರಳಿನಲ್ಲಿ ಓಡುವ ಟ್ರಕ್ಕು, ಎಲ್ಲಕ್ಕೂ ಅಲ್ಲಿ ಜಾಗ ಇತ್ತು. ಬಹಳ ವರ್ಷ ಇದನ್ನೆಲ್ಲ ನಡೆಸಿದವರು ಲೆಸ್ ರಿಕ್ಟರ್. ಅದಕ್ಕೂ ಮೊದಲು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಆಟಗಾರ. ಆ ಒಬ್ಬರನ್ನು ಪಡೆಯಲು ರ‍್ಯಾಮ್ಸ್ ತಂಡ 1952ರಲ್ಲಿ ಹನ್ನೊಂದು ಆಟಗಾರರನ್ನು ಬಿಟ್ಟುಕೊಟ್ಟಿತ್ತು. ಅಪಘಾತಗಳಾದ ಮೇಲೆ ಟ್ರ್ಯಾಕ್ ಹಾಗೇ ಉಳಿಯಲಿಲ್ಲ. 1969ರಲ್ಲಿ ಒಂಬತ್ತನೇ ತಿರುವಿಗೆ ಬರುವ ದಾರಿಯನ್ನೇ ಬದಲಾಯಿಸಿ, ತಿರುವು ಸ್ವಲ್ಪ ಸಲೀಸಾಗುವಂತೆ ಮಾಡಿದರು. ಆಮೇಲೂ ಸಾವುಗಳಾದವು. 1983ರಲ್ಲಿ ಜರ್ಮನಿಯ ಡ್ರೈವರ್ ರೋಲ್ಫ್ ಸ್ಟೊಮೆಲೆನ್ ಅಲ್ಲೇ ತೀರಿಕೊಂಡರು. ಆದರೂ ರೇಸ್ ನಿಲ್ಲಲಿಲ್ಲ. ಸಾವಿನಿಂದ ಮುಚ್ಚುವುದಿದ್ದರೆ ಅದು 1960ರ ದಶಕದಲ್ಲೇ ಮುಚ್ಚಬೇಕಿತ್ತು.

ಈಗ ಜಮೀನಿನ ವಿಷಯ. 1980ರ ದಶಕ ಬರುವಷ್ಟರಲ್ಲಿ ಲಾಸ್ ಏಂಜಲೀಸ್ ಹತ್ತಿರ ಮಧ್ಯಮ ವರ್ಗದವರು ಮನೆ ಕೊಳ್ಳುವುದು ಕಷ್ಟವಾಯಿತು. ಜನ ಪೂರ್ವಕ್ಕೆ ಸರಿದರು. ದಿನಾ ಗಂಟೆಗಟ್ಟಲೆ ಗಾಡಿ ಓಡಿಸಿದರೂ ಪರವಾಗಿಲ್ಲ, ಸ್ವಂತ ಮನೆ ಇರಲಿ ಅಂತ ಬಂದರು. 1984ರ ಕೊನೆಗೆ ಆ ಮೂರು ಊರು ಸೇರಿ ಮೊರೆನೊ ವ್ಯಾಲಿ ನಗರವಾಯಿತು. 1990ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1.18 ಲಕ್ಷ. ಟ್ರ್ಯಾಕ್ ಇದ್ದದ್ದು ಎರಡು ಹೆದ್ದಾರಿ ಕೂಡುವ ಕಡೆ. ಅಂಥ ಜಾಗದ ಬೆಲೆ ಏನಾಗಿರಬೇಕು ನೀವೇ ಲೆಕ್ಕ ಹಾಕಿ. ಅಷ್ಟು ಹೊತ್ತಿಗೆ ಅದು ಜಮೀನು ಅಭಿವೃದ್ಧಿ ಮಾಡುವವರ ಕೈ ಸೇರಿತ್ತು. ಊರಿಂದ ದೂರ ಇದೆ, ಅಗ್ಗಕ್ಕೆ ಸಿಗುತ್ತದೆ ಅಂತಲೇ ಅಲ್ಲಿ ಟ್ರ್ಯಾಕ್ ಕಟ್ಟಿದ್ದು. ಮನೆ ಕಟ್ಟುವವರು ಬಂದದ್ದೂ ಅದೇ ಕಾರಣಕ್ಕೆ. ಮನೆಗಳು ಬಂದ ಮೇಲೆ ಸದ್ದಿನ ದೂರುಗಳೂ ಬಂದವು. 1988ರ ಜೂನ್‌ನಲ್ಲಿ ಕೊನೆಯ ನ್ಯಾಸ್ಕಾರ್ ಕಪ್ ರೇಸ್ ನಡೆಯಿತು, ರಸ್ಟಿ ವ್ಯಾಲೆಸ್ ಗೆದ್ದರು. ಚಿಕ್ಕದು ಮಾಡಿದ ಟ್ರ್ಯಾಕಿನಲ್ಲಿ ಇನ್ನೊಂದಷ್ಟು ದಿನ ಓಡಿ 1989ರಲ್ಲಿ ಪೂರ್ತಿ ನಿಂತಿತು. 1992ರಲ್ಲಿ ನೀವು ಹೋಗುವ ಮಾಲ್ ಬಾಗಿಲು ತೆರೆಯಿತು.

ಮನೆ ಕಟ್ಟಿಕೊಂಡವರನ್ನು ನಾನು ದೂರುವುದಿಲ್ಲ. ಎಲ್ಲರಿಗೂ ಸೂರು ಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇಳಿಯುವ ನಾವು ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಇಳಿಯುತ್ತೇವೆ. ಆದರೆ ಆ ಹೆಸರಾದರೂ ನಮಗೆ ಗೊತ್ತಿರಬೇಕು. ನಮ್ಮ ಲೇಖನ ರಿವರ್‌ಸೈಡ್ ಟ್ರ್ಯಾಕಿನ ಹೆಸರನ್ನೂ ಹೇಳಿರಲಿಲ್ಲ. ನನಗೆ ಜಾಸ್ತಿ ಬೇಸರ ಆಗಿದ್ದು ಅದಕ್ಕೆ.

ನಿಮ್ಮ ಭಾಗದಲ್ಲಿ ಇದು ಒಂದೇ ಕಥೆಯೂ ಅಲ್ಲ. ಕ್ಯಾಲಿಫೋರ್ನಿಯಾದ್ದೇ ಆದ ಒಂಟಾರಿಯೊ ಊರಿನಲ್ಲಿ 1970ರಲ್ಲಿ ಬಹಳ ಖರ್ಚು ಮಾಡಿ ಕಟ್ಟಿದ ಸ್ಪೀಡ್‌ವೇ ಹತ್ತೇ ವರ್ಷಕ್ಕೆ ಮುಚ್ಚಿತು. ಆ ಜಮೀನು ತೈಲ ಕಂಪನಿಯ ಪಾಲಾಯಿತು. ಫಾಂಟಾನಾದಲ್ಲಿ ಹಳೇ ಉಕ್ಕಿನ ಕಾರ್ಖಾನೆಯ ಜಾಗದಲ್ಲಿ 1997ರಲ್ಲಿ ಇನ್ನೊಂದು ಶುರುವಾಯಿತು. ಅದಕ್ಕೂ ಲೆಸ್ ರಿಕ್ಟರ್ ದುಡಿದಿದ್ದರು. 2023ರ ಫೆಬ್ರವರಿಯಲ್ಲಿ ಅದರ ಕೊನೆಯ ನ್ಯಾಸ್ಕಾರ್ ರೇಸ್ ನಡೆಯಿತು. ಆ ಜಾಗದ ಬಹುಪಾಲು ಗೋದಾಮುಗಳಿಗೆ ಮಾರಾಟವಾಯಿತು. ನಮ್ಮ ಕಡೆಯದೂ ಒಂದು ಹೇಳುತ್ತೇನೆ. ಹುಡುಗನಾಗಿದ್ದಾಗ ನಾನು ಮೊದಲು ರೇಸ್ ನೋಡಿದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕ್ ಎದುರಿಗೆ ಹಾದುಹೋದಾಗ ನಾವು ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂದ ಮೇಲೆ ಶೋಲಾವರಂ ಕಾಲ ಮುಗಿಯಿತು.

ಇನ್ನೊಂದು ಕೋರಿಕೆ. ಮಗನ ಜೊತೆ ಪಕ್ಕದ ಮನೆಗೆ ಹೋಗಿ, ಆ ಅಜ್ಜನನ್ನು ಕೇಳಿ. ಅವರು ರೇಸ್ ನೋಡಿದ್ದರಾ? ಯಾವ ತಿರುವಿನ ಹತ್ತಿರ ನಿಂತಿದ್ದರು? ಫಾಯ್ಟ್ ಬಿದ್ದ ದಿನ ಅಲ್ಲಿದ್ದರಾ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

- ಸಂ.