ಪ್ರಯೋಗದ ವಿಡಿಯೊಗಳನ್ನು ನೋಡಿ ಮಕ್ಕಳು ಬೆರಗಾಗುತ್ತಾರೆ, ಆದರೆ ಕಲಿಯುತ್ತಾರೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಎಂಟನೇ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗ, ಸೋಡಿಯಂ ಚೂರನ್ನು ನೀರಿಗೆ ಹಾಕಿ ಸಿಡಿಸುವ ವಿಡಿಯೊವನ್ನು ಹತ್ತಾರು ಸಲ ನೋಡಿದ್ದಾನೆ, ನೋಡಿದಾಗಲೆಲ್ಲ ‘ಸೂಪರ್’ ಎಂದು ಕುಣಿಯುತ್ತಾನೆ, ಆದರೆ ಅದು ಸಿಡಿದದ್ದೇಕೆ ಎಂದು ಕೇಳಿದರೆ ‘ಕೆಮಿಕಲ್ ರಿಯಾಕ್ಷನ್’ ಎಂದಷ್ಟೇ ಹೇಳಿ ಮುಂದಿನ ವಿಡಿಯೊಗೆ ಹೋಗಿಬಿಡುತ್ತಾನೆ. ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಇಂಥ ವಿಡಿಯೊಗಳಿಂದ ನಿಜವಾಗಿ ಕಲಿಕೆ ಆಗುತ್ತದೆಯೇ ಎಂಬುದು ನಿಮ್ಮ ಅನುಮಾನ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ನನಗೆ ಇಪ್ಪತ್ತಮೂರು ವರ್ಷಗಳಾದವು. ನಮ್ಮಲ್ಲಿ ಪ್ರಯೋಗಾಲಯವೆಂದರೆ ಬೀಗ ಹಾಕಿದ ಒಂದು ಕಪಾಟು. ಹಾಗಾಗಿ ತರಗತಿಗೆ ಪ್ರೊಜೆಕ್ಟರ್ ಬಂದ ದಿನದಿಂದ ನಾನು ವಿಡಿಯೊಗಳನ್ನೇ ನೆಚ್ಚಿಕೊಂಡವಳು. ತೋರಿಸುವಾಗ ಪರದೆಗೆ ಬೆನ್ನು ಹಾಕಿ ಮಕ್ಕಳ ಮುಖಗಳನ್ನು ನೋಡುವುದು ನನ್ನ ಅಭ್ಯಾಸ. ಆ ಅನುಭವದಿಂದ ಹೇಳುವುದಾದರೆ, ‘ಈಗ ಹೀಗಾಗುತ್ತದೆ’ ಎಂದು ಮಗು ಮೊದಲೇ ಬಾಯಿಬಿಟ್ಟು ಹೇಳಿ, ಅದು ತಪ್ಪಾದದ್ದನ್ನು ಕಂಡು ಕಸಿವಿಸಿಗೊಂಡಾಗ ಕಲಿಕೆ ಆರಂಭವಾಗುತ್ತದೆ. ಅದಿಲ್ಲದ ಬೆರಗು ದೀಪಾವಳಿಯ ಪಟಾಕಿ ನೋಡಿದಾಗಿನ ಬೆರಗಷ್ಟೇ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಟ್ಟೆಯಲ್ಲಿ ಬಣ್ಣದ ನೀರು, ನಡುವೆ ಉರಿಯುವ ಮೇಣದಬತ್ತಿ, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಕೆಲವೇ ಕ್ಷಣಗಳಲ್ಲಿ ಬತ್ತಿ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ಈ ವಿಡಿಯೊ ಮುಗಿದ ಕೂಡಲೇ ತರಗತಿಯಲ್ಲಿ ಚಪ್ಪಾಳೆ ಬಿತ್ತು. ಏಕೆ ಹೀಗಾಯಿತು ಎಂದು ಕೇಳಿದರೆ, ‘ಆಕ್ಸಿಜನ್ ಖಾಲಿ ಆಯ್ತು ಮಿಸ್, ಆ ಜಾಗಕ್ಕೆ ನೀರು ಬಂತು’ ಎಂದು ಎಲ್ಲರೂ ಮಗ್ಗಿ ಒಪ್ಪಿಸುವ ರಾಗದಲ್ಲಿ ಹೇಳಿದರು. ಅವರನ್ನು ದೂರುವಂತಿಲ್ಲ; ಈ ವಿವರಣೆಯನ್ನು ನಾನೇ ಹಲವು ವರ್ಷ ಕಲಿಸಿದ್ದೆ.

ಆ ದಿನ ವಿಡಿಯೊವನ್ನು ಎರಡನೇ ಸಲ ಹಾಕಿ, ಲೋಟ ನೀರನ್ನು ಮುಟ್ಟುವ ಕ್ಷಣದಲ್ಲಿ ನಿಲ್ಲಿಸಿದೆ. ನೀರು ಏರುವುದು ಬತ್ತಿ ಉರಿಯುತ್ತಿರುವಾಗಲೋ ಅಥವಾ ಆರಿದ ಮೇಲೋ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಬೇಕು, ಆಮೇಲೆ ತಿದ್ದುವಂತಿಲ್ಲ ಎಂದೆ. ಆಮ್ಲಜನಕ ಖರ್ಚಾಗುತ್ತ ಹೋದಂತೆ ನೀರೂ ಏರುತ್ತ ಹೋಗಬೇಕಲ್ಲವೇ ಎಂಬ ಲೆಕ್ಕಾಚಾರದಲ್ಲಿ ಹೆಚ್ಚಿನವರು ‘ಉರಿಯುತ್ತಿರುವಾಗ’ ಎಂದು ಬರೆದರು. ಐದು ನಿಮಿಷ ಮೊದಲು ಅದನ್ನೇ ಕಣ್ಣಾರೆ ಕಂಡಿದ್ದವರು ಅವರು! ವಿಡಿಯೊ ಮುಂದುವರಿಯಿತು. ಜ್ವಾಲೆ ಇರುವಷ್ಟು ಹೊತ್ತೂ ನೀರು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು; ಬತ್ತಿ ಆರಿ, ಹೊಗೆಯ ಎಳೆಯೊಂದು ಮೇಲೆದ್ದ ಮೇಲೆ ಸರಸರನೆ ಏರಿತು. ತರಗತಿ ಒಮ್ಮೆಲೇ ಮೌನವಾಯಿತು. ಚಪ್ಪಾಳೆಗಿಂತ ಆ ಮೌನ ನನಗೆ ಹೆಚ್ಚು ಇಷ್ಟ. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಲೋಟ ಇಡುವಾಗ ಅಂಚಿನಿಂದ ಗುಳ್ಳೆ ಹೊರಗೆ ಬಂತು ಮಿಸ್’ ಎಂದಳು. ಮೂರನೇ ಸಲ ಹಾಕಿದಾಗ ಗುಳ್ಳೆಗಳು ಎಲ್ಲರಿಗೂ ಕಂಡವು; ಮೊದಲೆರಡು ಸಲವೂ ಅವು ಅಲ್ಲೇ ಇದ್ದವು.

ಗುಳ್ಳೆ ಕಂಡ ಮೇಲೆ ವಿವರಣೆ ಕಷ್ಟವಾಗಲಿಲ್ಲ. ಜ್ವಾಲೆಯ ಬಿಸಿಗೆ ಲೋಟದೊಳಗಿನ ಗಾಳಿ ಹಿಗ್ಗಿ, ಅದರ ಒಂದಂಶ ಗುಳ್ಳೆಗಳಾಗಿ ಹೊರಗೆ ಹೋಗಿರುತ್ತದೆ. ಬತ್ತಿ ಆರಿದೊಡನೆ ಉಳಿದ ಗಾಳಿ ತಣ್ಣಗಾಗಿ ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ದೂಡುತ್ತದೆ. ಆಮ್ಲಜನಕ ಪೂರ್ತಿ ಖಾಲಿಯಾಗುವುದೂ ಇಲ್ಲ. ಖರ್ಚಾದ ಪಾಲಿನ ಜಾಗದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಬಂದಿರುತ್ತವೆ. ಆ ಆವಿ ತಣಿದು ಹನಿಯಾಗುವುದರಿಂದಲೂ ಸ್ವಲ್ಪ ಜಾಗ ತೆರವಾಗುತ್ತದೆ ಎಂಬುದು ನಿಜ, ಆದರೆ ಮುಖ್ಯ ಕಾರಣ ಬಿಸಿ ಗಾಳಿ ತಣಿಯುವುದು. ಮಾರನೆಯ ದಿನ ಕುಂಕುಮ ಕದಡಿದ ನೀರು ಮತ್ತು ಒಂದು ಖಾಲಿ ಗಾಜಿನ ಬಾಟಲಿ ಇಟ್ಟುಕೊಂಡು ನಾವೇ ಮಾಡಿದೆವು. ಅದೇ ಬಾಟಲಿಯೊಳಗೆ ಒಂದರ ಬದಲು ಮೂರು ಮೇಣದಬತ್ತಿ ಹಚ್ಚಿಟ್ಟಾಗ ನೀರು ಇನ್ನೂ ಮೇಲಕ್ಕೆ ಏರಿತು. ಬಾಟಲಿಯಲ್ಲಿದ್ದ ಆಮ್ಲಜನಕವಂತೂ ಮೂರು ಪಟ್ಟಾಗಿರಲಿಲ್ಲ.

ಇದು ನನ್ನೊಬ್ಬಳ ತರಗತಿಯ ಕಥೆಯಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಕೆಲವು ಪ್ರಾತ್ಯಕ್ಷಿಕೆಗಳನ್ನು ಬೇರೆಬೇರೆ ರೀತಿಯಲ್ಲಿ ತೋರಿಸಿ, ಬಹಳ ದಿನಗಳ ನಂತರ ಅವುಗಳ ಬಗ್ಗೆ ಪ್ರಶ್ನೆ ಕೇಳಲಾಯಿತು. ಪ್ರಾತ್ಯಕ್ಷಿಕೆಯನ್ನೇ ನೋಡದವರಲ್ಲಿ ಶೇ 22ರಷ್ಟು ಮಂದಿ ಸರಿಯಾದ ವಿವರಣೆ ಕೊಟ್ಟರೆ, ಸುಮ್ಮನೆ ನೋಡಿದವರಲ್ಲಿ ಹಾಗೆ ಕೊಟ್ಟವರು ಶೇ 24 ಮಾತ್ರ. ಏನಾಗುತ್ತದೆಂದು ಮೊದಲೇ ಊಹಿಸಿ ಆಮೇಲೆ ನೋಡಿದವರಲ್ಲಿ ಅದು ಶೇ 30ಕ್ಕೆ, ಊಹಿಸಿ, ನೋಡಿ, ಪರಸ್ಪರ ಚರ್ಚಿಸಿದವರಲ್ಲಿ ಶೇ 32ಕ್ಕೆ ಏರಿತು. ಊಹಿಸಲು ತಗುಲಿದ ಹೆಚ್ಚಿನ ಸಮಯ ಸುಮಾರು 2 ನಿಮಿಷ. ಅವು ಕಣ್ಣೆದುರೇ ನಡೆದ ಪ್ರಾತ್ಯಕ್ಷಿಕೆಗಳು. ಬೆರಳಿನಿಂದ ತಳ್ಳಿದರೆ ಮುಂದಕ್ಕೆ ಹೋಗಿಬಿಡುವ ಮೊಬೈಲ್ ವಿಡಿಯೊದ ಗತಿ ಇದಕ್ಕಿಂತ ಮೇಲಿರಲಾರದು ಎಂದು ನನ್ನ ಎಣಿಕೆ. ಅದೇ ತಂಡದ ಬಳಗ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ವಿದ್ಯಾರ್ಥಿಗಳು ತಾವು ಕಂಡದ್ದೆಂದು ವರದಿ ಮಾಡಿದ್ದರಲ್ಲಿ ಸುಮಾರು ಐದರಲ್ಲೊಂದು ನಿಜವಾಗಿ ನಡೆದದ್ದಕ್ಕೆ ಹೊಂದುತ್ತಿರಲಿಲ್ಲ. ತಲೆಯಲ್ಲಿ ಇದ್ದದ್ದನ್ನೇ ಕಣ್ಣು ಕಂಡಿತ್ತು, ನನ್ನ ಮಕ್ಕಳ ಮೇಣದಬತ್ತಿಯ ಹಾಗೆ.

ವಿಡಿಯೊ ‘ತುಂಬಾ ಚೆನ್ನಾಗಿ ಅರ್ಥವಾಯಿತು’ ಎಂಬ ಮೆಚ್ಚುಗೆಯನ್ನು ಕೂಡ ನಾನು ಈಗ ಅನುಮಾನದಿಂದಲೇ ನೋಡುತ್ತೇನೆ. ಇಂದು ವಿಜ್ಞಾನದ ವಿಡಿಯೊಗಳಿಗೆ ಹೆಸರಾಗಿರುವ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಪೂರೈಸಿದ ಡಾಕ್ಟರೇಟ್ ಸಂಶೋಧನೆಯಲ್ಲಿ ಇದನ್ನೇ ಪರೀಕ್ಷಿಸಿದ್ದರು. ಸರಳವಾಗಿ, ನುಣುಪಾಗಿ ವಿವರಿಸಿದ ವಿಡಿಯೊ ನೋಡಿದವರು ಅದನ್ನು ಸ್ಪಷ್ಟವೆಂದು ಹೊಗಳಿದರು, ಅವರ ಆತ್ಮವಿಶ್ವಾಸವೂ ಹೆಚ್ಚಿತು, ಆದರೆ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಜನರಲ್ಲಿ ಸಾಮಾನ್ಯವಾಗಿರುವ ತಪ್ಪು ಕಲ್ಪನೆಗಳನ್ನು ಮೊದಲು ಎತ್ತಿ ಆಡಿ, ಆಮೇಲೆ ಬಿಡಿಸಿದ ವಿಡಿಯೊ ಗೊಂದಲಮಯವೆನಿಸಿತು. ಅದನ್ನು ನೋಡಿದವರೇ ಹೆಚ್ಚು ಕಲಿತರು.

ನಿಮ್ಮ ಮಗ ಎಂದಾದರೂ ‘ಇದು ಫೇಕ್’ ಎಂದರೆ ದಯವಿಟ್ಟು ಗದರಿಸಬೇಡಿ. ಬ್ರಿಟನ್ನಿನ ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಸೀಸಿಯಂ ಲೋಹವನ್ನು ಸ್ನಾನದ ತೊಟ್ಟಿಗೆ ಹಾಕಿ ತೊಟ್ಟಿಯನ್ನೇ ಚೂರುಚೂರಾಗಿ ಸಿಡಿಸಿದ ದೃಶ್ಯವಿತ್ತು. ಅದರ ಹಿಂದೆ ಬೇರೆ ಸ್ಫೋಟಕ ಇಟ್ಟಿದ್ದರೆಂಬುದು ಆಮೇಲೆ ಬಯಲಾಯಿತು. ಅಂಥ ಅನುಮಾನ ಒಳ್ಳೆಯದು. ನಿಜವಾಗಿದ್ದರೆ ಇನ್ನೇನು ಕಾಣಬೇಕಿತ್ತು ಎಂದು ಮರುಪ್ರಶ್ನೆ ಹಾಕಿದರೆ ಅದು ಹರಿತವಾಗುತ್ತದೆ. 2013ರ ಸುಮಾರಿಗೆ ಸ್ಟೀವ್ ಮೌಲ್ಡ್ ಎಂಬುವರು ಮಣಿಸರವೊಂದನ್ನು ಜಾಡಿಯಲ್ಲಿ ತುಂಬಿ, ತುದಿಯನ್ನು ಹಿಡಿದೆಳೆದು ಕೆಳಕ್ಕೆ ಬಿಟ್ಟ ವಿಡಿಯೊ ಬಹಳ ಹರಿದಾಡಿತು. ಸರ ಕೆಳಗೆ ಸುರಿಯುವ ಮೊದಲು ಜಾಡಿಯ ಬಾಯಿಯಿಂದ ಮೇಲಕ್ಕೆ ಕಾರಂಜಿಯಂತೆ ಚಿಮ್ಮುತ್ತಿತ್ತು! ಹೀಗಾಗಲು ಸಾಧ್ಯವಿಲ್ಲ ಎಂದು ಯಾರಿಗಾದರೂ ಅನ್ನಿಸುವಂತಿತ್ತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಜಾನ್ ಬಿಗಿನ್ಸ್ ಮತ್ತು ಮಾರ್ಕ್ ವಾರ್ನರ್ ಇದನ್ನು ಲಘುವಾಗಿ ತಳ್ಳಿಹಾಕದೆ ಲೆಕ್ಕ ಹಾಕಿದರು; ಎತ್ತಲ್ಪಡುವ ಸರದ ಕೊಂಡಿಗಳನ್ನು ಕೆಳಗಿನ ರಾಶಿಯೂ ಜಾಡಿಯ ತಳವೂ ಮೇಲಕ್ಕೆ ಒದೆಯುತ್ತವೆ ಎಂಬ ಅವರ ವಿವರಣೆ 2014ರಲ್ಲಿ ರಾಯಲ್ ಸೊಸೈಟಿಯ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಿವರಣೆಯ ಬಗ್ಗೆ ವಾದವಿವಾದಗಳು ಆಮೇಲೂ ನಡೆದವು.

ನನಗೆ ನಿಜಕ್ಕೂ ಭಯ ಹುಟ್ಟಿಸುವ ಪ್ರತಿಕ್ರಿಯೆ ಒಂದಿದೆ: ‘ಇದನ್ನು ಮನೆಯಲ್ಲಿ ಮಾಡಿ ನೋಡ್ತೀನಿ’. ಮೇಣದಬತ್ತಿಯಾದರೆ ಸರಿ, ಪಕ್ಕದಲ್ಲಿ ನೀವಿರಿ. ಆದರೆ ಲವಣಗಳನ್ನು ಮೆಥನಾಲಿನಲ್ಲಿ ಉರಿಸಿ ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಅಮೆರಿಕದ ಶಾಲೆಗಳಲ್ಲೇ, ಶಿಕ್ಷಕರ ಎದುರಿಗೇ, ವಿದ್ಯಾರ್ಥಿಗಳು ತೀವ್ರ ಸುಟ್ಟಗಾಯಗಳಿಗೆ ಒಳಗಾಗಿದ್ದಾರೆ. ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆಯ ವಿಡಿಯೊ ಹೊರತಂದಿತು. ಮೆಥನಾಲಿನ ಆವಿ ನೆಲದ ಮೇಲೆ, ಮೇಜಿನ ಮೇಲೆ ಹರಡಿಕೊಂಡು ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುತ್ತದೆ. ಅದನ್ನೂ ಸೋಡಿಯಮ್ಮನ್ನೂ ನೋಡುವುದಕ್ಕಷ್ಟೇ ಇಟ್ಟುಕೊಳ್ಳಿ, ಯಾವ ಕಾರಣಕ್ಕೂ ಮನೆಗೆ ತರಬೇಡಿ.

ಇನ್ನು ನಿಮ್ಮ ಮಗನ ಸೋಡಿಯಂ ವಿಡಿಯೊ. ಹನ್ನೊಂದನೇ ಸಲ ಅದನ್ನು ಶಬ್ದ ನಿಲ್ಲಿಸಿ, ನಿಧಾನಗತಿಯಲ್ಲಿ ಹಾಕಿ, ಚೂರು ನೀರಿಗೆ ಬೀಳುವ ಮೊದಲು ತಡೆಯಿರಿ. ಲೋಹವಲ್ಲವೇ, ಮುಳುಗುತ್ತದೆಯೋ ತೇಲುತ್ತದೆಯೋ ಎಂದು ಕೇಳಿ, ಬರೆಸಿ. ಅದು ತೇಲುತ್ತದೆ, ಕರಗಿ ಗುಂಡಗಿನ ಹನಿಯಾಗಿ ನೀರಿನ ಮೇಲೆ ಓಡಾಡುತ್ತದೆ. ಸೋಡಿಯಂ ಕರಗಲು ಸುಮಾರು 98 ಡಿಗ್ರಿ ಸೆಲ್ಸಿಯಸ್ ಬೇಕು ಎಂದ ಮೇಲೆ ಆ ಬಿಸಿ ಎಲ್ಲಿಂದ ಬಂತು ಎಂಬುದು ಮುಂದಿನ ಪ್ರಶ್ನೆ. ಜಲಜನಕ ಬಿಡುಗಡೆಯಾಗಿ ಹೊತ್ತಿಕೊಳ್ಳುತ್ತದೆ ಎಂಬ ಪಠ್ಯಪುಸ್ತಕದ ಉತ್ತರಕ್ಕೆ ಅವನು ಬಂದು ಮುಟ್ಟಿದಾಗ, ಇನ್ನೊಂದು ಪ್ರಶ್ನೆಯನ್ನು ಮುಂದಿಡಿ: ಲೋಹಕ್ಕೂ ನೀರಿಗೂ ನಡುವೆ ಆ ಜಲಜನಕದ ಪದರವೇ ಅಡ್ಡ ನಿಂತರೆ ಕ್ರಿಯೆ ನಿಧಾನವಾಗಬೇಕಲ್ಲ, ಸಿಡಿಯುವುದು ಹೇಗೆ? ಪ್ರೇಗ್ ನಗರದ ಪಾವೆಲ್ ಯುಂಗ್‌ವಿರ್ತ್, ಫಿಲಿಪ್ ಮೇಸನ್ ಮತ್ತು ಸಂಗಡಿಗರು ಸೋಡಿಯಂ–ಪೊಟ್ಯಾಸಿಯಂ ಮಿಶ್ರಲೋಹದ ಹನಿಯನ್ನು ನೀರಿಗೆ ಬೀಳಿಸಿ, ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು 2015ರಲ್ಲಿ ಉತ್ತರ ಪ್ರಕಟಿಸಿದರು. ನೀರು ಮುಟ್ಟಿ ಅರ್ಧ ಮಿಲಿಸೆಕೆಂಡ್ ಆಗುವ ಮೊದಲೇ ಹನಿಯ ಮೈಯಿಂದ ಮುಳ್ಳುಗಳಂಥ ಚೂಪುಗಳು ಹೊರಚಿಮ್ಮುತ್ತವೆ. ಎಲೆಕ್ಟ್ರಾನುಗಳು ಥಟ್ಟನೆ ನೀರಿಗೆ ಹಾರಿಬಿಡುವುದರಿಂದ, ಹಿಂದುಳಿದ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳು, ಒಂದನ್ನೊಂದು ದೂಡಿ ಹನಿಯನ್ನೇ ಹರಿದುಹಾಕುತ್ತವೆ, ಹೊಸ ಮೇಲ್ಮೈಗಳೆಲ್ಲ ಒಮ್ಮೆಗೇ ನೀರಿಗೆ ತೆರೆದುಕೊಳ್ಳುತ್ತವೆ. ಮೇಸನ್ ಅದಕ್ಕೂ ಮೊದಲೇ ವಿಜ್ಞಾನದ ವಿಡಿಯೊಗಳನ್ನು ಮಾಡುತ್ತಿದ್ದವರು ಎಂಬುದನ್ನೂ ನಿಮ್ಮ ಮಗನಿಗೆ ಹೇಳಿ. ಆದರೆ ಆ ಮುಳ್ಳುಗಳ ಚಿತ್ರವನ್ನು ತೋರಿಸುವುದು ಅವನು ತನ್ನ ಊಹೆಯನ್ನು ಬರೆದ ಮೇಲೆ.