ತಾರೀಖು ಮಾತ್ರ ಇದ್ದ ಪುಟ

ಅವರಿಗೆ ನಲವತ್ತು ದಾಟಿದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಎದೆ ಡವಡವ. ಹೃದಯದ ಪರೀಕ್ಷೆಯಲ್ಲಿ ಏನೂ ಸಿಗದೆ ಡಾಕ್ಟರೇ ಮನೋಚಿಕಿತ್ಸೆಗೆ ಅಂತ ನನ್ನ ಹತ್ತಿರ ಕಳಿಸಿದ್ದರು. ಕೂತವರೇ ನೋಟ್‌ಬುಕ್ ತೆಗೆದು ತಾರೀಖು ಬರೆದರು. "ಹೇಳಿ ಮೇಡಂ, ಏನು ಮಾಡಬೇಕು?"

ನಾನು ಕಲಿತದ್ದು ಬೇರೆ. ಉತ್ತರ ಕೊಡಬೇಡ, ಅವರೇ ದಾರಿ ಕಂಡುಕೊಳ್ಳಲಿ ಅಂತ. "ನಿಮಗೇನನ್ನಿಸುತ್ತೆ?" ಅಂತ ಕೇಳುತ್ತಲೇ ಹೋದೆ. ಕೊನೆಗೂ ಪುಟದಲ್ಲಿ ತಾರೀಖು ಬಿಟ್ಟು ಏನೂ ಇರಲಿಲ್ಲ. ಪೆನ್ನಿನ ಮುಚ್ಚಳ ಟಕ್ ಅಂತ ಹಾಕಿ ಎದ್ದರು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ನೋಟ್‌ಬುಕ್ಕೇ ಇಲ್ಲ.

ಎಲ್ಲಿ ಅಂತ ಕೇಳಿದೆ. "ಬರೆಯೋಕೆ ಏನೂ ಸಿಗಲ್ಲ ಅಲ್ವಾ?"

ತಪ್ಪು ನನ್ನದೇ. ಸಹಾಯ ಕೇಳಿ ಬರುವವರು ಮೊದಲೇ ಧೈರ್ಯ ಕಳೆದುಕೊಂಡಿರುತ್ತಾರೆ, ಭರವಸೆ ಮತ್ತೆ ಹುಟ್ಟಿಸುವುದೇ ಚಿಕಿತ್ಸೆಯ ದೊಡ್ಡ ಕೆಲಸ ಅಂತ ಅಮೆರಿಕದ ಮನೋವೈದ್ಯ ಜೆರೋಮ್ ಫ್ರಾಂಕ್ 1961ರಲ್ಲೇ ಬರೆದಿದ್ದರು. ಗುಣವಾಗುವುದರಲ್ಲಿ ಸುಮಾರು 15% ಪಾಲು ಗುಣವಾಗುತ್ತೆ ಅನ್ನೋ ನಿರೀಕ್ಷೆಯದು ಅಂತ 1992ರಲ್ಲಿ ಮನಶ್ಶಾಸ್ತ್ರಜ್ಞ ಮೈಕಲ್ ಲ್ಯಾಂಬರ್ಟ್ ಹೇಳಿದ್ದು ಬರೀ ಅಂದಾಜು. ಆದರೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ದಾರಿ ತೋರಿಸುವವರನ್ನು ಹುಡುಕಿಕೊಂಡು ಬರುವ ಜನರಿಗೆ ಗುರು-ಶಿಷ್ಯರ ಮಾದರಿ ಹೊಂದಿಕೆಯಾಗಬಹುದು ಅಂತ 1973ರಲ್ಲಿ ಮನೋವೈದ್ಯ ಜೆ. ಎಸ್. ನೇಕಿ ಬರೆದಿದ್ದರು. ಹಾಗಂತ ಎಲ್ಲರಿಗೂ ಉಪದೇಶ ಬೇಕು ಅಂತಲ್ಲ. ಹೀಗೇ ನನ್ನ ಹತ್ತಿರ ಬಂದಿದ್ದ ಇನ್ನೊಬ್ಬರು "ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ ಸಾಕು" ಅಂದಿದ್ದರು. ಊಹಿಸೋದಕ್ಕಿಂತ ಕೇಳಿಬಿಡೋದು ವಾಸಿ.

ಕೇಳಿದೆ. "ಇಲ್ಲಿಗೆ ಬಂದರೆ ಏನಾಗುತ್ತೆ ಅಂದುಕೊಂಡಿದ್ದಿರಿ?"

"ತಪ್ಪು ಎಲ್ಲಿದೆ ಅಂತ ನೀವು ಹೇಳ್ತೀರಿ, ಎರಡು ವಾರದಲ್ಲಿ ಸರಿಹೋಗುತ್ತೆ ಅಂತ."

ಎರಡು ವಾರದ ಮಾತು ಕೊಡಲಿಲ್ಲ. ಅಷ್ಟರಲ್ಲಿ ಆಗದಿದ್ದರೆ ಇರೋ ಭರವಸೆಯೂ ಹೋಗುತ್ತೆ. ನಿಧಾನ ಆಗಬಹುದು, ನಡುವೆ ಕೆಟ್ಟ ರಾತ್ರಿಗಳೂ ಬರುತ್ತವೆ, ಆಗ ಎಲ್ಲಾ ಹಾಳಾಯಿತು ಅಂದುಕೊಳ್ಳಬೇಡಿ ಅಂದೆ. ಭಯವಾದಾಗ ಎದೆ ಯಾಕೆ ಹೊಡೆದುಕೊಳ್ಳುತ್ತೆ ಅಂತ ವಿವರಿಸಿದೆ. ಆಮೇಲೆ ಒಂದು ಹಾಳೆ ಕೊಟ್ಟು ಮೂರು ಸಾಲು ಬರೆಸಿದೆ: ತೂಕಡಿಕೆ ಬಂದಾಗಲೇ ಮಲಗಿ. ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ವಾಪಸ್ ಬನ್ನಿ. ದಿನಾ ಒಂದೇ ಹೊತ್ತಿಗೆ ಏಳಿ.

ಮುಂದಿನ ಸಲ ನೋಟ್‌ಬುಕ್ ಮತ್ತೆ ಬಂತು, ಆ ಹಾಳೆ ಅದರೊಳಗೆ ಅಂಟಿಸಿತ್ತು. ಆರನೇ ಭೇಟಿಯ ಹೊತ್ತಿಗೆ ಕೆಳಗೆ ನಾಲ್ಕನೇ ಸಾಲು ಸೇರಿತ್ತು: 'ರಾತ್ರಿ ಗಡಿಯಾರ ನೋಡಬಾರದು.' ಅದು ನಾನು ಹೇಳಿದ್ದಲ್ಲ.